ಯಂತ್ರ ಬರಲಿ, ಅದರ ಮುಂದೆ ಯಾರು ಕೂಡ್ತಾರ ಹೇಳ್ರಿ



ಎರಡು ದಿನದಿಂದ ನಮ್ಮ ಗ್ರೂಪುಗಳಲ್ಲಿ ಒಂದು ವಿಡಿಯೋ ಓಡಾಡ್ತೈತಿ. ಪೂರ್ತಿ ಕರೆಂಟಿನ ಮೇಲೆ ನಡೆಯೋ ರಿವೆಟ್ ಯಂತ್ರ. ತಾನೇ ತೂತು ಕೊರೀತೈತಿ, ತಾನೇ ರಿವೆಟ್ ಇಟ್ಟು ಒತ್ತತೈತಿ. ಕೆಳಗೆ ನಮ್ಮವರೇ, "ಮುಗೀತು ನಮ್ಮ ಹುಡುಗರ ಅನ್ನ" ಅಂತ ಬರದಾರ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಗೆಳೆಯರೂ ಹೌದು ಹೌದು ಅಂದಾರ. ನಾನು ಹೌದು ಅನ್ನೋದಿಲ್ಲ.

ಕೈಯಿಂದ ರಿವೆಟ್ ಹೊಡೆಯೋದು ಅಂದ್ರ ಏನು? ತಗಡಿನ ಈ ಕಡೆ ಒಬ್ಬ ಗಾಳಿ ಗನ್ ಹಿಡೀತಾನ. ಆ ಕಡೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಪ್ರತಿ ಏಟನ್ನೂ ಕೈಯಾಗ ತಗೋತಾನ. ವರ್ಷಾನುಗಟ್ಟಲೆ ಹಿಂಗ ದುಡಿದವರ ಕಿವಿ ಮಂದ ಆಗ್ತಾವ, ಬೆರಳು ಜೋಮು ಹಿಡೀತಾವ, ಚಳಿಗೆ ಬೆಳ್ಳಗಾಗ್ತಾವ. ಇದನ್ನ ವೈದ್ಯಶಾಸ್ತ್ರ ಔದ್ಯೋಗಿಕ ಕಾಯಿಲೆ ಅಂತಲೇ ಗುರುತಿಸಿದೆ. ಈ ಕೆಲಸ ಉಳಿಸಿಕೊಡ್ರಿ ಅಂತ ನಾವು ಧರಣಿ ಕೂಡಬೇಕೇನು?

ಹೊಸ ಯಂತ್ರಕ್ಕೆ ಕಂಪ್ರೆಸರ್ ಬೇಡ, ಹೈಡ್ರಾಲಿಕ್ ಎಣ್ಣೆ ಬೇಡ. ಪ್ರತಿ ರಿವೆಟ್ ಎಷ್ಟು ಬಲಕ್ಕೆ, ಎಷ್ಟು ಆಳಕ್ಕೆ ಕೂತಿತು ಅಂತ ಅದೇ ದಾಖಲೆ ಇಡುತ್ತದೆ. ಅಂದರೆ ಕೆಲಸ ರಟ್ಟೆಯಿಂದ ಸ್ಕ್ರೀನಿಗೆ ಹೋಗ್ತೈತಿ. ಬಾಬಾಸಾಹೇಬರು ಗಾಂಧಿ ಮತ್ತು ಕಾಂಗ್ರೆಸ್ ಅಸ್ಪೃಶ್ಯರಿಗೆ ಏನು ಮಾಡಿದರು ಎಂಬ 1945ರ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದರು. ಯಂತ್ರ ಮನುಷ್ಯನಿಗೆ ಬಿಡುವು ಕೊಡುತ್ತದೆ, ಬಿಡುವಿಲ್ಲದೆ ಮನುಷ್ಯನಂತೆ ಬಾಳಲಾಗದು. ತಪ್ಪು ಯಂತ್ರದ್ದಲ್ಲ, ಅದರ ಲಾಭ ಕೆಲವರಿಗಷ್ಟೇ ಸೇರುವ ವ್ಯವಸ್ಥೆಯದು. ಚರಕದ ಹಾಡು ನಮ್ಮ ಹಾಡಲ್ಲ.

ಹಂಗಾದ್ರ ನನ್ನ ತಕರಾರು ಏನು? ಸವಣೂರು ನೆನಪು ಮಾಡ್ಕೊಳ್ರಿ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಊರಿನ ಹೊಲಸು ಹೊತ್ತವರನ್ನೇ ಅವರ ಮನೆಗಳಿಂದ ಎಬ್ಬಿಸಲು ಹೊರಟಿದ್ದರು. ಆ ಕೆಲಸಕ್ಕೆ ಯಂತ್ರ ಇರಲಿಲ್ಲವೇ? ಇತ್ತು. ಆದ್ರ ನಮ್ಮ ಮೈ ಅಗ್ಗಕ್ಕೆ ಸಿಗೋವಾಗ ಯಂತ್ರ ಯಾರು ತರ್ತಾರ? ಈ ದೇಶದಾಗ ನಮ್ಮ ಮೈ ಇರೋ ಕಡೆ ಯಂತ್ರ ಬರೋದಿಲ್ಲ. ಯಂತ್ರ ಬಂದ ಕಡೆ ನಮ್ಮನ್ನ ಕರೆಯೋದಿಲ್ಲ. ಜಗಳ ಇರೋದು ಇಲ್ಲಿ.

2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದು ಸಾರ್ವಜನಿಕ ಉದ್ಯಮ, ಮೀಸಲಾತಿ ಐತಿ. ಆದರೆ ವಿಮಾನದ ಬಿಡಿಭಾಗ, ಬಸ್ ಬಾಡಿ, ಕಾರು ಕಟ್ಟುವ ಕೆಲಸದ ಬಹುಪಾಲು ಖಾಸಗಿಯವರ ಕೈಯಲ್ಲಿದೆ. ಅಲ್ಲಿ ಉದ್ಯೋಗ ಮೀಸಲಾತಿ ಇಲ್ಲ.

ಆದ್ರ ಒಂದು ಬಾಗಿಲು ಐತಿ, ನಾವೇ ತಟ್ಟಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 3ಎ ಕಲಂ ಓದ್ರಿ. ಗೊತ್ತುಪಡಿಸಿದ ಟ್ರೇಡುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿ ಸ್ಥಾನ ಕಾದಿರಿಸಬೇಕು ಅಂತ ಅದು ಹೇಳುತ್ತದೆ. ಖಾಸಗಿ ಮಾಲೀಕರಿಗೂ ಅದು ಅನ್ವಯ. ಹೊಸ ಯಂತ್ರ ಕಲಿಯೋ ಜಾಗ ಅಂದ್ರ ಅದೇ.

ಎರಡನೇದು, ದುಡ್ಡು. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕಂತೆ ಶೇ. 24.1ರಷ್ಟು ಪಾಲು ಎತ್ತಿಡುತ್ತದೆ. 7(ಡಿ) ಕಲಂ ಹಿಡಕೊಂಡು ಅದನ್ನ ರಸ್ತೆ, ಸೇತುವೆಗೆ ಬಳಸಿದರು. ಹೋರಾಟ ಮಾಡಿ 2023ರಲ್ಲಿ ಆ ಕಲಂ ತೆಗೆಸಿದ್ವಿ. ಆಮೇಲೆ ಗ್ಯಾರಂಟಿ ಯೋಜನೆಗಳಿಗೆ ಹರಿಸಿದರು. ಅದರಾಗ ಒಂದು ಚೂರು ತರಬೇತಿಗೆ ಬಂದಿದ್ರೂ ನಮ್ಮ ಹುಡುಗ್ರು, ಹುಡುಗೇರು ಸ್ಕ್ರೀನ್ ಮುಂದೆ ಕೂಡ್ತಿದ್ರು.

ಮೂರನೇದು, ಐಟಿಐ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ರೋಬೋಟು, ಕಂಪ್ಯೂಟರ್ ಯಂತ್ರ ತಂದೇವಿ ಅಂತ ಸರ್ಕಾರ ಹೇಳ್ತೈತಿ. ಒಳ್ಳೇದು. ಅವು ನಡೀತಾವೋ, ಪ್ಲಾಸ್ಟಿಕ್ ಹೊದ್ದು ಮಲಗ್ಯಾವೋ?

ವಿಡಿಯೋ ಫಾರ್ವರ್ಡ್ ಮಾಡೋದು ಸಾಕು. ನಾಲ್ಕೂ ತಾಲ್ಲೂಕಿನ ಗೆಳೆಯರು ಈ ವಾರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ನಿಮ್ಮ ತಾಲ್ಲೂಕಿನ ಐಟಿಐಯಲ್ಲಿ ಯಾವ ಟ್ರೇಡಿನಲ್ಲಿ ನಮ್ಮ ಮಕ್ಕಳು ಎಷ್ಟು ಮಂದಿ? ಹೊಸ ಯಂತ್ರದ ಮೇಲೆ ಕಲಿತವರು ಎಷ್ಟು? 3ಎ ಪ್ರಕಾರ ಅಪ್ರೆಂಟಿಸ್ ಆದವರು ಎಷ್ಟು? ನಮ್ಮ ಪಾಲಿನ ಹಣದಲ್ಲಿ ತರಬೇತಿಗೆ ಕೊಟ್ಟಿದ್ದೆಷ್ಟು? 30 ದಿನದಾಗ ಉತ್ತರ ಕೊಡಲೇಬೇಕು. ಬಂದ ಉತ್ತರ ಇಲ್ಲಿ ಹಾಕ್ರಿ, ಅದನ್ನ ಹಿಡಕೊಂಡೇ ಹಾವೇರಿ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ.

ಯಂತ್ರ ಬೇಡ ಅನ್ನಾಕ ಅಲ್ಲ. ಅದರ ಮುಂದಿನ ಕುರ್ಚಿ ಕೇಳಾಕ.

ಜೈಭೀಮ್.