ಎರಡು ಊರಿನಲ್ಲಿ ಸರ್ವರ್ ಇದ್ದರೆ ಸಾಲದು

2025ರ ಡಿಸೆಂಬರ್ 5, ಶುಕ್ರವಾರ. ಷೇರು ಪೇಟೆಯ ವಹಿವಾಟು ಮುಗಿಯಲು ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಮಧ್ಯಾಹ್ನ 2 ಗಂಟೆ 17 ನಿಮಿಷದ ಹೊತ್ತಿಗೆ ಬೆಂಗಳೂರಿನ ಝೆರೋಧಾ, ಗ್ರೋ ಆ್ಯಪ್‌ಗಳು ಕೈಕೊಟ್ಟವು. ಕೊಂಡ ಷೇರನ್ನು ಮಾರಬೇಕಿದ್ದವರು ಏನೂ ಮಾಡಲಾಗದೆ ಫೋನ್ ಹಿಡಿದು ಕೂತರು. ಎಡವಟ್ಟು ಆಗಿದ್ದು ಬೆಂಗಳೂರಿನಲ್ಲಿ ಅಲ್ಲ. ಜಗತ್ತಿನ ಅಸಂಖ್ಯ ಜಾಲತಾಣಗಳ ಮುಂದೆ ನಿಂತು ಅವುಗಳ ದಟ್ಟಣೆಯನ್ನು ನಿಭಾಯಿಸುವ ಅಮೆರಿಕದ ಕ್ಲೌಡ್‌ಫ್ಲೇರ್ ಸಂಸ್ಥೆ ತನ್ನ ವ್ಯವಸ್ಥೆಯಲ್ಲಿ ಒಂದು ಬದಲಾವಣೆ ಮಾಡಿತ್ತು. ಆ ಸಂಸ್ಥೆಯ ಮೂಲಕ ಹರಿಯುವ ವೆಬ್ ದಟ್ಟಣೆಯಲ್ಲಿ ಶೇ 28ರಷ್ಟು ಸುಮಾರು 25 ನಿಮಿಷ ತೊಂದರೆಗೆ ಸಿಕ್ಕಿತು.

ನಡೆದದ್ದನ್ನು ಸಂಸ್ಥೆ ತಾನೇ ವಿವರವಾಗಿ ಬರೆದು ಪ್ರಕಟಿಸಿತು. ಜಾಲತಾಣ ಕಟ್ಟಲು ಬಳಸುವ ರಿಯಾಕ್ಟ್ ತಂತ್ರಾಂಶದಲ್ಲಿ ದೊಡ್ಡದೊಂದು ಭದ್ರತಾ ದೋಷ ಆಗಷ್ಟೇ ಬಯಲಾಗಿತ್ತು. ಗ್ರಾಹಕರನ್ನು ಅದರಿಂದ ಕಾಪಾಡಲು ಎಂಜಿನಿಯರುಗಳು ಒಂದು ಬದಲಾವಣೆಯನ್ನು ಹಂತಹಂತವಾಗಿ, ನೋಡಿಕೊಂಡು ಹೊರಬಿಡುತ್ತಿದ್ದರು. ನಡುವೆ, ತಮ್ಮದೇ ಆಂತರಿಕ ಪರೀಕ್ಷಾ ಸಲಕರಣೆಯೊಂದು ಇದಕ್ಕೆ ಹೊಂದುವುದಿಲ್ಲ ಎಂದು ಕಂಡಿತು. ಅದನ್ನು ಆಫ್ ಮಾಡಿದರಾಯಿತು ಎಂದುಕೊಂಡರು. ಆಫ್ ಮಾಡಲು ಬಳಸಿದ ವ್ಯವಸ್ಥೆಗೆ ಹಂತ ಎಂಬುದೇ ಇರಲಿಲ್ಲ. ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಅದು ಜಗತ್ತಿನ ಎಲ್ಲ ಸರ್ವರ್‌ಗಳಿಗೂ ತಲುಪುತ್ತಿತ್ತು. ಹಲವು ವರ್ಷಗಳಿಂದ ಯಾರ ಕಣ್ಣಿಗೂ ಬೀಳದೆ ಮಲಗಿದ್ದ ಒಂದು ಬಗ್ ಆಗ ಎದ್ದಿತು.

ದೊಡ್ಡದೆಂದು ಕಂಡ ಬದಲಾವಣೆ ನಿಧಾನಕ್ಕೆ ಹೋಯಿತು, ಸಣ್ಣದೆಂದು ಕಂಡದ್ದು ಒಂದೇ ಏಟಿಗೆ ಎಲ್ಲ ಕಡೆ ಹೋಯಿತು. ಈಚಿನ ದೊಡ್ಡ ಸ್ಥಗಿತಗಳ ಪೈಕಿ ಹಲವಕ್ಕೆ ಕಾರಣ ಇದೇ.

ಕ್ಲೌಡ್ ಕಂಪನಿಗಳ ಲೆಕ್ಕದಲ್ಲಿ 'ರೀಜನ್' ಎಂದರೆ ಒಂದು ಊರಿನ ಸುತ್ತಮುತ್ತ ಇರುವ ಹಲವು ಡೇಟಾ ಸೆಂಟರ್‌ಗಳ ಗುಂಪು. ಅಮೆಜಾನ್ 2016ರಲ್ಲಿ ಮುಂಬೈನಲ್ಲಿ ಇಂಥ ರೀಜನ್ ತೆರೆಯಿತು, 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಎರಡನೆಯದನ್ನು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ಹಣ ಪಾವತಿಯ ದತ್ತಾಂಶ ದೇಶದೊಳಗೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಆದೇಶಿಸಿದ್ದರಿಂದ, ಭಾರತದ ಪಾವತಿ ಕಂಪನಿಗೆ ಸಿಂಗಪುರದ ಸರ್ವರ್ ಆಪತ್ಕಾಲದ ನೆಲೆಯಾಗುವಂತಿಲ್ಲ. ಹಾಗಾಗಿ ಈ ಎರಡನೇ ಊರುಗಳು ಬಂದದ್ದು ನಿಜಕ್ಕೂ ದೊಡ್ಡ ಅನುಕೂಲ. ಮುಂಬೈನಲ್ಲಿ ನೆರೆ ಬಂದರೆ, ಕೇಬಲ್ ಕಡಿದರೆ, ಹೈದರಾಬಾದ್ ಕೆಲಸ ನೋಡಿಕೊಳ್ಳುತ್ತದೆ.

ಆದರೆ ನೆರೆ, ಬೆಂಕಿ, ಭೂಕಂಪಕ್ಕೆ ಊರಿನ ಗಡಿಯಿದೆ. ತಪ್ಪು ಅಪ್‌ಡೇಟಿಗೆ ಇಲ್ಲ.

2025ರ ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನಾದ್ಯಂತ ಕುಸಿದದ್ದು ಹೀಗೆಯೇ. ಯಾವ ಗ್ರಾಹಕ ಎಷ್ಟು ಬಳಸಬಹುದು ಎಂದು ನೋಡುವ ಒಳವ್ಯವಸ್ಥೆಗೆ ಮೇ 29ರಂದು ಹೊಸ ಕೋಡ್ ಸೇರಿತ್ತು. ಅದನ್ನು ಒಂದೊಂದೇ ರೀಜನ್‌ನಲ್ಲಿ ಜೋಪಾನವಾಗಿಯೇ ಹಾಕಿದ್ದರು. ಆದರೆ ಆ ಕೋಡ್ ಓಡಬೇಕಾದರೆ ಒಂದು ಹೊಸ ಬಗೆಯ ನಿಯಮ ಬರಬೇಕಿತ್ತು. ಅಂಥದ್ದು ಬಾರದೆ ಅದು ಎಲ್ಲಿಯೂ ಪರೀಕ್ಷೆಗೆ ಒಳಗಾಗಲಿಲ್ಲ. ಎರಡು ವಾರದ ಮೇಲೆ ಖಾಲಿ ಜಾಗಗಳಿದ್ದ ನಿಯಮವೊಂದು ಬಂತು. ನಿಯಮಗಳ ದತ್ತಾಂಶ ಸೆಕೆಂಡುಗಳಲ್ಲಿ ಎಲ್ಲ ರೀಜನ್‌ಗಳಿಗೂ ನಕಲಾಗುವಂತೆ ವ್ಯವಸ್ಥೆ ಮಾಡಿದ್ದರಿಂದ ಎಲ್ಲ ಕಡೆಯೂ ಒಟ್ಟಿಗೇ ಬಿತ್ತು. ಎಂಜಿನಿಯರುಗಳು ಹತ್ತು ನಿಮಿಷದೊಳಗೆ ಕಾರಣ ಹಿಡಿದರೂ, ಅಮೆರಿಕದ ಮಧ್ಯಭಾಗದ ದೊಡ್ಡ ರೀಜನ್ ಚೇತರಿಸಿಕೊಳ್ಳಲು ಎರಡು ಗಂಟೆ ನಲವತ್ತು ನಿಮಿಷ ಬೇಕಾಯಿತು. ಬಿದ್ದಿದ್ದ ಸರ್ವರ್‌ಗಳೆಲ್ಲ ಒಟ್ಟಿಗೇ ಎದ್ದು, ಒಂದೇ ಡೇಟಾಬೇಸಿನ ಮೇಲೆ ಮುಗಿಬಿದ್ದಿದ್ದವು.

ಸರಿಯಾದ ಕ್ರಮ ಯಾವುದು ಎಂಬುದು ಈ ಉದ್ಯಮಕ್ಕೆ ಗೊತ್ತಿಲ್ಲದ್ದೇನಲ್ಲ. ಹೊಸ ಆವೃತ್ತಿ ಮೊದಲು ಒಂದೇ ಸರ್ವರ್‌ಗೆ ಹೋಗಬೇಕು. ಬಳಕೆದಾರರಲ್ಲಿ ನೂರಕ್ಕೊಬ್ಬರು ಅದನ್ನು ಬಳಸುವಾಗ ದೋಷದ ಪ್ರಮಾಣ ಏರಿತೇ, ಪುಟ ತೆರೆಯುವುದು ತಡವಾಯಿತೇ ಎಂದು ಯಂತ್ರವೇ ಗಮನಿಸಬೇಕು. ಏರಿದರೆ ಯಾರ ಅಪ್ಪಣೆಗೂ ಕಾಯದೆ ಹಳೆಯ ಆವೃತ್ತಿಗೆ ಮರಳಬೇಕು. ಎಲ್ಲ ಸರಿಯಿದ್ದರೆ ಒಂದು ಸಣ್ಣ ರೀಜನ್, ಆಮೇಲೆ ಕೆಲವು ಗಂಟೆ ಕಾದು ಇನ್ನೆರಡು, ಹೀಗೆ ಅಲೆಅಲೆಯಾಗಿ ಸಾಗಬೇಕು. ಅಪ್‌ಡೇಟ್ ಪಡೆಯುತ್ತಿರುವ ಸರ್ವರ್‌ನಲ್ಲಿ ಆಗಲೇ ನಡೆಯುತ್ತಿರುವ ವಹಿವಾಟುಗಳನ್ನು ನಡುವೆ ಕಡಿಯಬಾರದು; ಹೊಸಬರನ್ನು ಪಕ್ಕದ ಸರ್ವರ್‌ಗೆ ಕಳಿಸಿ, ಒಳಗಿದ್ದವರು ಕೆಲಸ ಮುಗಿಸಿ ಹೊರಬೀಳುವ ತನಕ ಕಾಯಬೇಕು. ಇಷ್ಟು ಮಾಡಿದರೆ ಬಳಕೆದಾರರಿಗೆ ಏನಾದರೂ ಬದಲಾಯಿತೆಂಬ ಸುಳಿವೂ ಸಿಗುವುದಿಲ್ಲ.

ಅಲೆಅಲೆಯಾಗಿ ಹೋಗುವುದಕ್ಕೆ ಒಂದು ಬೆಲೆಯಿದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಹಳೆಯ ಆವೃತ್ತಿಯೂ ಹೊಸದೂ ಒಟ್ಟಿಗೆ ಬಾಳಬೇಕು. ಒಂದು ಬರೆದದ್ದನ್ನು ಇನ್ನೊಂದು ಓದಬೇಕು. ಡೇಟಾಬೇಸಿನ ಒಂದು ಕಾಲಂ ಹೆಸರು ಬದಲಿಸುವಂಥ ಸಣ್ಣ ಕೆಲಸವೂ ಆಗ ಮೂರು ಕಂತಿನದಾಗುತ್ತದೆ: ಹೊಸ ಕಾಲಂ ಸೇರಿಸಿ ಎರಡರಲ್ಲೂ ಬರೆಯುವುದು, ಹಳೆಯ ದತ್ತಾಂಶವನ್ನು ಸಾಗಿಸುವುದು, ಹಳೆಯದನ್ನು ಯಾರೂ ಓದುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತೆಗೆಯುವುದು. ಈ ತಾಳ್ಮೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರು ಪೇಟೆಯಲ್ಲಿ ಮುಳುಗಿದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆ ಸಾಕ್ಷಿ. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹಾಕಿರಲಿಲ್ಲ. ಹೊಸ ಕೋಡ್ ಬಳಸಿದ ಸೂಚನೆಯೇ ಎಂಟನೆಯ ಸರ್ವರ್‌ನಲ್ಲಿ ವರ್ಷಗಳ ಹಿಂದೆ ಕೈಬಿಟ್ಟಿದ್ದ ಹಳೆಯ ಕೋಡನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ ಕಂಪನಿ ಕಳೆದುಕೊಂಡದ್ದು 44 ಕೋಟಿ ಡಾಲರ್.

ಎಲ್ಲಕ್ಕಿಂತ ಕಠಿಣವಾದದ್ದು ದತ್ತಾಂಶದ ಪ್ರಶ್ನೆ. 2018ರ ಅಕ್ಟೋಬರ್ 21ರಂದು ತಂತ್ರಾಂಶಗಳ ಕೋಡ್ ಇರಿಸುವ ತಾಣವಾದ ಗಿಟ್‌ಹಬ್ ಸಂಸ್ಥೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹಾಳಾಗುತ್ತಿದ್ದ ಒಂದು ಸಂಪರ್ಕ ಸಲಕರಣೆಯನ್ನು ಬದಲಿಸುತ್ತಿತ್ತು. ಸಂಪರ್ಕ ಕಡಿದದ್ದು ಬರೀ 43 ಸೆಕೆಂಡು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪೂರ್ವ ಸತ್ತಿತೆಂದು ತಿಳಿದು ಪಶ್ಚಿಮ ಕರಾವಳಿಯ ಡೇಟಾಬೇಸಿಗೆ ಪಟ್ಟ ಕಟ್ಟಿತು. ಸಂಪರ್ಕ ಮರಳಿದಾಗ ಎರಡೂ ದಡದಲ್ಲಿ, ಇನ್ನೊಂದು ದಡಕ್ಕೆ ತಲುಪದ ಬರಹಗಳು ಉಳಿದಿದ್ದವು. ಎರಡನ್ನೂ ಹೊಂದಿಸಿ ಸೇವೆಯನ್ನು ಪೂರ್ತಿ ಸರಿಪಡಿಸಲು 24 ಗಂಟೆ 11 ನಿಮಿಷ ಹಿಡಿಯಿತು. ಬೇಗ ಸೇವೆ ಶುರುಮಾಡುವುದೋ, ಬಳಕೆದಾರರ ಒಂದು ಬರಹವೂ ಕಳೆಯದಂತೆ ಕಾಯುವುದೋ ಎಂಬ ಪ್ರಶ್ನೆಗೆ ಗಿಟ್‌ಹಬ್ ಎರಡನೆಯದನ್ನು ಆರಿಸಿತು. ಅದು ಸರಿಯಾದ ಆಯ್ಕೆ. ಎರಡನೇ ರೀಜನ್‌ಗೆ ಯಾವಾಗ ಹೊರಳಬಾರದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು.

ಹೀಗೆ ಕಾಯುತ್ತ ಕೂತರೆ ಭದ್ರತಾ ದೋಷಕ್ಕೆ ಔಷಧ ಹಾಕುವುದು ಯಾವಾಗ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕ್ಲೌಡ್‌ಫ್ಲೇರ್ ಅವಸರಿಸಿದ್ದೂ ಗ್ರಾಹಕರ ಒಳಿತಿಗಾಗಿಯೇ. ಆದರೆ ತುರ್ತಿನ ಅಪ್‌ಡೇಟನ್ನೂ ನೂರರಲ್ಲಿ ಒಂದು ಸರ್ವರ್‌ಗೆ ಐದು ನಿಮಿಷ ಮೊದಲು ಕಳಿಸಬಹುದು. ಹಂತಗಳನ್ನು ಕುಗ್ಗಿಸಬಹುದು, ತೆಗೆಯುವಂತಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ಸಂಸ್ಥೆ ಹಂತಗಳಿಲ್ಲದೆ ಕಳಿಸಿದ ದೋಷಪೂರಿತ ಫೈಲನ್ನು 78 ನಿಮಿಷದಲ್ಲೇ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಇನ್ನು ಅಭ್ಯಾಸದ ಮಾತು. 2021ರ ಫೆಬ್ರುವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಲ್ಲಿಸಿ, ಮತ್ತೆ ಶುರುಮಾಡಿದ್ದು 3.45ಕ್ಕೆ. ವಿಪತ್ತಿನ ಕಾಲಕ್ಕೆಂದೇ ಬೇರೊಂದು ಕೇಂದ್ರ ಅದಕ್ಕಿತ್ತು. ವಹಿವಾಟನ್ನು ಅಲ್ಲಿಗೆ ಏಕೆ ಸಾಗಿಸಲಿಲ್ಲ ಎಂದು ಷೇರು ಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಕೇಳಿತು. ಮುಂದಿನ ತಿಂಗಳೇ ನಿಯಮ ಬಿಗಿಯಾಯಿತು: ಅರ್ಧ ಗಂಟೆಯೊಳಗೆ ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದಲ್ಲಿ ಎರಡನೇ ಕೇಂದ್ರದಿಂದ ಕೆಲಸ ನಡೆಯಬೇಕು. 2024ರ ಮಾರ್ಚ್ 2, ಶನಿವಾರ, ಪೇಟೆ ವಿಶೇಷವಾಗಿ ತೆರೆದು, ಮೊದಲ ಅವಧಿಯ ವಹಿವಾಟು ಮುಖ್ಯ ಕೇಂದ್ರದಿಂದ, ಎರಡನೆಯದು ವಿಪತ್ತು ಕೇಂದ್ರದಿಂದ ನಡೆಯಿತು. ನಿಜವಾದ ಹಣ, ನಿಜವಾದ ಗ್ರಾಹಕರು. ಇದು ಕಾಗದದ ಮೇಲಿನ ಅಣಕು ಪರೀಕ್ಷೆಯಲ್ಲ. ನೆಟ್‌ಫ್ಲಿಕ್ಸ್ ಕೂಡ ಇಡೀ ರೀಜನ್ ಒಂದನ್ನು ತಾನೇ ಖಾಲಿಮಾಡಿ ಅಭ್ಯಾಸ ಮಾಡುತ್ತ ಬಂದು, ಆ ಸ್ಥಳಾಂತರದ ಅವಧಿಯನ್ನು ಹತ್ತು ನಿಮಿಷದೊಳಕ್ಕೆ ಇಳಿಸಿತು.

ಷೇರು ಪೇಟೆಗೆ ಇರುವ ಈ ಕಟ್ಟುನಿಟ್ಟು ಸರ್ಕಾರಿ ಸೇವೆಗಳಿಗೂ ಬೇಕು. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ, ನಾಡಕಚೇರಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ 'ಸರ್ವರ್ ಡೌನ್' ಎಂಬ ಉತ್ತರ ಕೇಳದ ಕನ್ನಡಿಗರು ಕಡಿಮೆ. ಷೇರು ವ್ಯಾಪಾರಿಯ 25 ನಿಮಿಷಕ್ಕೆ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ. ಪಡಿತರಕ್ಕೆ ಹೆಬ್ಬೆರಳು ಒತ್ತಲು ಬಂದು ಬರಿಗೈಯಲ್ಲಿ ಮರಳುವ ಕೂಲಿ ಹೆಣ್ಣುಮಗಳ ಕಳೆದ ದಿನಗೂಲಿ ಯಾವ ವರದಿಗೂ ಸೇರುವುದಿಲ್ಲ. ಒಂದೇ ನೆಲೆಯನ್ನು ನಂಬಿದ ಸರ್ಕಾರದ ಪಾಡು ಏನೆಂಬುದನ್ನು ದಕ್ಷಿಣ ಕೊರಿಯಾ ಕಂಡಿದೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗೆ ಹತ್ತಿದ ಬೆಂಕಿಯಿಂದ ಆರುನೂರಕ್ಕೂ ಹೆಚ್ಚು ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರ 858 ಟೆರಾಬೈಟ್ ಕಡತಗಳಿಗೆ ಬೇರೆಡೆ ನಕಲೇ ಇರಲಿಲ್ಲ.

ರಾಜ್ಯ ಸರ್ಕಾರ ಇನ್ನು ಮುಂದೆ ಕರೆಯುವ ತಂತ್ರಾಂಶದ ಪ್ರತಿ ಟೆಂಡರಿನಲ್ಲೂ ಮೂರು ಷರತ್ತು ಬರೆಯಲಿ. ಕೋಡ್ ಇರಲಿ, ಸೆಟ್ಟಿಂಗ್ ಇರಲಿ, ಯಾವ ಬದಲಾವಣೆಯೂ ಮೂವತ್ತೊಂದು ಜಿಲ್ಲೆಗೆ ಒಟ್ಟಿಗೆ ಹೋಗಕೂಡದು. ಮೊದಲು ಒಂದು ತಾಲ್ಲೂಕು, ಆಮೇಲೆ ಒಂದು ಜಿಲ್ಲೆ. ಎರಡನೇ ಕೇಂದ್ರದಿಂದ ವರ್ಷಕ್ಕೆರಡು ಬಾರಿಯಾದರೂ, ಕಚೇರಿ ತೆರೆದಿರುವ ದಿನವೇ, ಜನರ ಕೆಲಸ ನಡೆಸಿ ತೋರಿಸಬೇಕು. ಒಂದು ಗಂಟೆಗೂ ಹೆಚ್ಚು ಸೇವೆ ನಿಂತರೆ ಅದರ ಕಾರಣವನ್ನು ವಾರದೊಳಗೆ, ಕನ್ನಡದಲ್ಲಿ, ಸಾರ್ವಜನಿಕವಾಗಿ ಪ್ರಕಟಿಸಬೇಕು. ಕ್ಲೌಡ್‌ಫ್ಲೇರ್ ತನ್ನ ಎಡವಟ್ಟಿನ ವಿವರವನ್ನು ಅದೇ ದಿನ ಪ್ರಕಟಿಸಿತ್ತು.