ಕೆಂಡವಿಟ್ಟು ಬಾಗಿಲು ಹಾಕಬೇಡಿ

2020ರ ಜನವರಿ. ನೇಪಾಳ ಪ್ರವಾಸಕ್ಕೆ ಹೋಗಿದ್ದ ಕೇರಳದ ಎರಡು ಕುಟುಂಬಗಳ ಎಂಟು ಮಂದಿ ದಾಮನ್ ಎಂಬ ಬೆಟ್ಟದೂರಿನಲ್ಲಿ ಒಂದೇ ಕೋಣೆ ಸೇರಿ ಮಲಗಿದರು. ಚಳಿಗೆ ಗ್ಯಾಸ್ ಹೀಟರ್ ಹಚ್ಚಿಕೊಂಡಿದ್ದರು. ಬಾಗಿಲು, ಕಿಟಕಿಗಳಿಗೆಲ್ಲ ಒಳಗಿನಿಂದ ಚಿಲಕ. ಎಂಟರಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು.

ಪರದೇಶದ ಸುದ್ದಿಯೆಂದು ಇದನ್ನು ಮರೆಯಬೇಡಿ. ನಮ್ಮೂರ ಬಾಣಂತಿ ಕೋಣೆಯನ್ನೊಮ್ಮೆ ಇಣುಕಿ ನೋಡಿ. ಶೀತವಾದೀತೆಂದು ಕಿಟಕಿ ಭದ್ರ, ಬಾಗಿಲ ಸಂದಿಗೆ ಹಳೇ ಸೀರೆ. ಮಂಚದಡಿಯ ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ. ಕಣ್ಣು ಬಿಟ್ಟು ವಾರವಾಗದ ಹಸುಗೂಸು ಅದೇ ಗಾಳಿಯನ್ನು ಉಸಿರಾಡುತ್ತಿರುತ್ತದೆ. ಕಟ್ಟಡ ಕೆಲಸದವರ ತಗಡಿನ ಶೆಡ್ಡಿಗೆ ಹೋಗಿ ನೋಡಿ. ಹಗಲು ಸಿಮೆಂಟು ಹೊತ್ತ ಬಾಂಡ್ಲಿಯಲ್ಲೇ ರಾತ್ರಿ ಇದ್ದಿಲು. ಅದರ ಸುತ್ತ ನಾಲ್ಕೈದು ಮಂದಿ ಮುದುಡಿ ಮಲಗುತ್ತಾರೆ.

"ಹೊಗೆ ಅಡಗಿದ ಮೇಲೆ ಒಳಗೆ ತಂದರೆ ಏನೂ ಆಗೋದಿಲ್ಲ" ಎನ್ನುತ್ತಾರೆ ಹಿರಿಯರು. ಅಕ್ಕರೆಯ ಮಾತೇ ಹೌದು, ಆದರೆ ಪ್ರಾಣಕ್ಕೆ ಎರವಾಗುವ ಮಾತು. ಹೊಗೆಯಿಲ್ಲದ ಕೆಂಪು ಕೆಂಡವೂ, ಆ ಗ್ಯಾಸ್ ಹೀಟರಿನಂತೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಉಗುಳುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟು ಮೀರಿದ ಬಿಗಿಯಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು ಸುಳಿವು ಸಿಕ್ಕೀತು. ನಿದ್ದೆ ಹೋದವರಿಗೆ ಅದೂ ಇಲ್ಲ. ಪಕ್ಕದಲ್ಲಿ ಬೋಗುಣಿ ನೀರಿಟ್ಟರೂ ಈ ವಿಷ ಹೋಗುವುದಿಲ್ಲ.

ಕೈಮುಗಿದು ಕೇಳುತ್ತೇನೆ: ಮಲಗುವ ಕೋಣೆಗೆ ಕೆಂಡ ಬೇಡ, ಗ್ಯಾಸ್ ಹೀಟರೂ ಬೇಡ. ಕೂಸಿಗೆ ಕುಲಾವಿ, ಕಾಲುಚೀಲ ಹಾಕಿ, ತಾಯಿಯ ಎದೆಗೆ ಒರಗಿಸಿ. ಅದಕ್ಕಿಂತ ಒಳ್ಳೆಯ ಕಾವು ಇನ್ನೊಂದಿಲ್ಲ. ಇಂಥ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು, ಕಿಟಕಿ ತೆರೆದು ತಕ್ಷಣ ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ.

ಕರೆಂಟಿನ ಹೀಟರಿನಲ್ಲಿ ಈ ವಿಷ ಹುಟ್ಟುವುದಿಲ್ಲ, ಬೆಂಕಿಯ ಭಯ ಮಾತ್ರ ಇದ್ದೇ ಇದೆ. 2000 ವಾಟಿನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜಿಗೆ ಬಳಸುವ ಸಣ್ಣ ಪ್ಲಗ್ ಪಾಯಿಂಟಾಗಲಿ, ಎಕ್ಸ್‌ಟೆನ್ಷನ್ ಬೋರ್ಡಾಗಲಿ ಅದನ್ನು ತಾಳುವುದಿಲ್ಲ. ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಹಾಕಿ. ಹಾಸಿಗೆ, ಪರದೆಗಳಿಂದ ಮೂರಡಿ ದೂರವಿಡಿ. ಅದರ ಮೇಲೆ ಒದ್ದೆ ಬಟ್ಟೆ ಹರವಬೇಡಿ. ಮಲಗುವ ಮುನ್ನ ಆರಿಸಿ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಮನೆಯ ಕೆಟ್ಟ ಹೀಟರಿನಿಂದ ಎದ್ದ ಬೆಂಕಿಯ ಹೊಗೆ ಇಡೀ ಕಟ್ಟಡ ತುಂಬಿ 17 ಜನ ಸತ್ತರು, ಅವರಲ್ಲಿ 8 ಮಕ್ಕಳು.

ಈಗ ನಿಮಗೊಂದು ಮಾತು, ಕಂಟ್ರಾಕ್ಟರರೇ, ತೋಟದ ಧಣಿಗಳೇ, ಗಾಳಿಯಾಡದ ಕೋಣೆಗೂ ಬಾಡಿಗೆ ಎಣಿಸಿಕೊಳ್ಳುವ ಮನೆ ಮಾಲೀಕರೇ. ಚಳಿಗೆ ನಡುಗಿ ಕೆಂಡ ಹೊತ್ತಿಸಿಕೊಂಡವನೊಬ್ಬನದೇ ತಪ್ಪೆಂದು ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಅವನಿಗೆ ದಪ್ಪ ಕಂಬಳಿ ಕೊಡಿ. ಶೆಡ್ಡಿಗೆ ಕಿಟಕಿ ಇಡಿಸಿ. ಬಿಹಾರದವನಿರಲಿ, ರಾಯಚೂರಿನವನಿರಲಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಅಪಾಯ ಹೇಳಿ. ಜೀವ ಹೋದ ಮೇಲೆ ಬರೆಯುವ ಪರಿಹಾರದ ಚೆಕ್ಕಿಗಿಂತ ಇವತ್ತೇ ಕೊಳ್ಳುವ ಕಂಬಳಿ ಅಗ್ಗ. ಸಂಜೆಯೊಳಗೆ ಒಮ್ಮೆ ಹೋಗಿ ಬನ್ನಿ, ನಿಮ್ಮನ್ನು ನಂಬಿದವರು ಎಲ್ಲಿ, ಹೇಗೆ ಮಲಗುತ್ತಾರೆಂದು ಕಣ್ಣಾರೆ ನೋಡಿ.