ಈ ಫೋಟೋಕ್ಕೆ ಹೀರೋ ಯಾರು ತಮ್ಮಾ?

ಗೆಳೆಯರೇ, ಈ ವಾರ ದೊಡ್ಡಬಳ್ಳಾಪುರದ ಅಭಿಮಾನಿಯೊಬ್ಬನ ಕಾಗದ ಬಂದಿದೆ. ಓದಿ ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ನೀವೂ ಓದಿ:

‘ಸಾರ್, ನಮ್ಮದು ಮಗ್ಗದ ಮನೆ. ಅಜ್ಜಿಗೆ 80 ತುಂಬ್ತು. ಎಲ್ಲಾ ಸೇರಿ ಫ್ಯಾಮಿಲಿ ಫೋಟೋ ತೆಗೆಸ್ತಾ ಇದ್ದೀವಿ. ಒಟ್ಟು 11 ಜನ. ಕೆ.ಜಿ.ಎಫ್. ಸ್ಟೈಲಲ್ಲಿ ಎಲ್ಲರಿಗೂ ಕಪ್ಪು ಬಟ್ಟೆ ಅಂತ ನಾನು ಪ್ಲಾನ್ ಹಾಕಿದೆ. ಅಜ್ಜಿ ಮಾತ್ರ, ಶುಭದ ದಿನ ಕಪ್ಪು ಉಡಲ್ಲ ಕಣೋ ಅಂತ ಹಠ ಹಿಡಿದು ಕೂತವ್ರೆ. ನೀವೇ ಒಂದು ಮಾತು ಹೇಳಿ ಸಾರ್!’

ಹೇಳ್ತೀನಿ ತಮ್ಮಾ. ಆದರೆ ಅಜ್ಜಿಗಲ್ಲ, ನಿನಗೆ!

2018ರಲ್ಲಿ ಕೆ.ಜಿ.ಎಫ್. ಬಂದಾಗ ಆ ಕಪ್ಪು, ಆ ಮಸಿ, ಆ ಧೂಳು ನೋಡಿ ನಾನೂ ಸೀಟಿ ಹೊಡೆದವನೇ. ಆದರೆ ಒಂದು ಗುಟ್ಟು ತಿಳಕೋ. ಸಿನಿಮಾದಲ್ಲಿ ಕಪ್ಪು ಬಟ್ಟೆಯವನು ಕತ್ತಲಲ್ಲಿ ನಿಂತರೂ ಎದ್ದು ಕಾಣ್ತಾನಲ್ಲ, ಅದು ಬಟ್ಟೆಯ ಮಹಿಮೆ ಅಲ್ಲ. ಬೆನ್ನ ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬಿಟ್ಟು ಅವನ ಭುಜ, ತಲೆಗೂದಲಿಗೆ ಗೆರೆ ಎಳೆದ ಹಾಗೆ ಮಾಡಿರ್ತಾರೆ. ನಿಮ್ಮೂರ ಸ್ಟುಡಿಯೋದಲ್ಲಿ ಎದುರಿನಿಂದ ಎರಡು ಲೈಟು ಹಾಕಿ, 11 ಜನ ಕಪ್ಪು ಬಟ್ಟೆಯವರನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಏನಾಗುತ್ತೆ? ಯಾರ ತೋಳು ಯಾರದು ಅಂತ ಗೊತ್ತಾಗಲ್ಲ. ಒಂದು ಕಪ್ಪು ಮೋಡ, ಅದರ ಮೇಲೆ ತೇಲೋ 11 ತಲೆ!

ಇನ್ನೊಂದು ಮಾತು. ನಮ್ಮ ಹೀರೋಗಳು ಬಟ್ಟೆ ಹಾಕಿದ್ದು ಪಾತ್ರ ನೋಡಿಕೊಂಡು. 1980ರ ‘ಆಟೋ ರಾಜ’ದಲ್ಲಿ ಶಂಕರ್‌ನಾಗ್ ಖಾಕಿ ತೊಟ್ಟರು. ಇವತ್ತಿಗೂ ಬೆಂಗಳೂರಿನ ಆಟೋಗಳ ಮೇಲೆ ಅವರ ಚಿತ್ರ ನಗ್ತಾ ಇದೆ. ತೆರೆಯ ಮೇಲೆ ಎಷ್ಟೆಲ್ಲ ವೇಷ ಹಾಕಿದ ಅಣ್ಣಾವ್ರು ಹೊರಗೆ ಬಂದರೆ ಬಿಳಿ ಪಂಚೆ, ಬಿಳಿ ಶರ್ಟು. ಅದಕ್ಕಿಂತ ದೊಡ್ಡ ಸ್ಟೈಲ್ ಯಾವುದಿದೆ ಹೇಳು! ಯಾವ ದೃಶ್ಯಕ್ಕೆ ಯಾರು ಮುಖ್ಯವೋ ಅವರ ಉಡುಪು ಮೊದಲು, ಉಳಿದವರದ್ದು ಅದಕ್ಕೆ ಹೊಂದಿಕೊಂಡು. ನಿಮ್ಮ ಫೋಟೋದ ಹೀರೋ ಯಾರು? 80 ತುಂಬಿದ್ದು ಯಾರಿಗೆ? ನಿನಗಂತೂ ಅಲ್ಲವಲ್ಲ!

ಆದ್ದರಿಂದ ಮೊದಲು ಅಜ್ಜಿಯ ಟ್ರಂಕು ತೆಗೆಸು. ದೊಡ್ಡಬಳ್ಳಾಪುರದ ಹುಡುಗ ನೀನು, ಪವರ್‌ಲೂಮಿನ ಸದ್ದು ಕೇಳಿಕೊಂಡೇ ಬೆಳೆದವನು. ಬಣ್ಣ ಸೇರಿಸೋ ವಿದ್ಯೆ ನಾನು ನಿನಗೆ ಹೇಳಿಕೊಡಬೇಕಾ? ಸೀರೆ ಹೇಗೆ ನೇಯ್ತಾರೋ ಹಾಗೇ ಫೋಟೋಕ್ಕೂ ಬಣ್ಣ ಹೊಂದಿಸು. ಸೀರೆಗೆ ಮೈ ಒಂದು ಬಣ್ಣ, ಅಂಚು ಒಂದು ಬಣ್ಣ, ನಡುವೆ ಜರಿಯ ಮಿಂಚು. ಅಜ್ಜಿಯದು ಕಡುಹಸಿರು ಮೈ, ಅರಗಿನ ಕೆಂಪು ಅಂಚು ಅಂತಿಟ್ಟುಕೋ. ಗಂಡಸರೆಲ್ಲ ಕೆನೆಬಣ್ಣದ ಶರ್ಟು ಹಾಕಲಿ. ಅತ್ತಿಗೆಯೋ ತಂಗಿಯೋ ಒಬ್ಬರು ಅಂಚಿನ ಕೆಂಪು ಉಡಲಿ. ಚಿಕ್ಕ ಮಗುವಿಗೆ ತಿಳಿಹಸಿರು. ಆಗ ನೋಡುವವರ ಕಣ್ಣು ನೇರ ಅಜ್ಜಿಯ ಹತ್ತಿರ ಹೋಗಿ ಕೂರುತ್ತೆ. ಎಲ್ಲರೂ ಒಂದೇ ಬಣ್ಣ ಹಾಕಿದರೆ ಮದುವೆಮನೆಯ ಬ್ಯಾಂಡ್‌ಸೆಟ್ಟಿನವರು ಅಂತಾರೆ ಜನ!

ಸರಿ ಹೋಯ್ತೋ ಇಲ್ಲವೋ ಅಂತ ಹೇಗೆ ನೋಡೋದು? ಇದಕ್ಕೆ ಹಳೇ ಸಿನಿಮಾ ಪಾಠ ಇದೆ. 1971ರ ‘ಕಸ್ತೂರಿ ನಿವಾಸ’ ತೆಗೆದದ್ದು ಕಪ್ಪು-ಬಿಳುಪಿನಲ್ಲಿ. ಬಣ್ಣ ಹಚ್ಚಿ ಬಿಟ್ಟಿದ್ದು 2014ರಲ್ಲಿ. ಕಪ್ಪು-ಬಿಳುಪಿನ ಕಾಲದಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿಯಾಗಿ ಕಾಣೋ ಅಪಾಯ ಇತ್ತು. ಬೆಳಕು-ನೆರಳಿನ ವ್ಯತ್ಯಾಸದಲ್ಲೇ ಜನರನ್ನು ಬೇರೆ ಬೇರೆ ತೋರಿಸಬೇಕಿತ್ತು. ನೀನೂ ಅದೇ ಮಾಡು. ಹಿಂದಿನ ದಿನ ಎಲ್ಲರ ಬಟ್ಟೆಯನ್ನೂ ಅಂಗಳದ ಹಗ್ಗಕ್ಕೆ, ನಿಲ್ಲೋ ಸಾಲಿನಲ್ಲೇ ನೇತುಹಾಕಿ ಫೋನಿನಲ್ಲಿ ಒಂದು ಫೋಟೋ ಹೊಡಿ. ಅದನ್ನು ಕಪ್ಪು-ಬಿಳುಪು ಮಾಡಿ ನೋಡು. ಪಕ್ಕಪಕ್ಕದ ಎರಡು ಬಟ್ಟೆ ಒಂದಾಗಿ ಬೆರೆತು ಹೋದರೆ ಸಾಲು ಬದಲಿಸು, ಇಲ್ಲಾ ಬಟ್ಟೆ ಬದಲಿಸು. ಖರ್ಚು ಸೊನ್ನೆ!

ಇನ್ನು ಸಣ್ಣಪುಟ್ಟ ಮಾತು. ಕಿರಿದಾದ ಗೀಟು, ಸಣ್ಣ ಚೌಕಳಿ ಶರ್ಟು ಬೇಡ. ಡಿಜಿಟಲ್ ಕ್ಯಾಮೆರಾದಲ್ಲಿ ಬಟ್ಟೆಯ ಮೇಲೆ ಅಲೆ ಅಲೆಯಾಗಿ ಕಾಣುತ್ತೆ. ಕಣ್ಣು ಕುಕ್ಕೋ ಹಳದಿ, ಕಿತ್ತಳೆ ಹಾಕಿದರೆ ಆ ಬಣ್ಣ ಗಲ್ಲದ ಕೆಳಗೆ ಹೊಡೆದು ಕಾಮಾಲೆ ಬಂದವನ ಹಾಗೆ ಕಾಣ್ತೀಯ. ಎದೆ ಮೇಲೆ ಅಕ್ಷರ ಇರೋ ಟೀ ಶರ್ಟು ಬೇಡ, ಜನ ಮುಖ ಬಿಟ್ಟು ಅದನ್ನೇ ಓದ್ತಾರೆ. ಜರಿ ಸೀರೆಗೆ ಎದುರಿನಿಂದ ಫ್ಲ್ಯಾಷ್ ಬಡಿದರೆ ಅಂಚೆಲ್ಲ ಬೆಳ್ಳಗೆ ಸುಟ್ಟ ಹಾಗೆ ಬರುತ್ತೆ. ಬೆಳಿಗ್ಗೆ ಜಗುಲಿ ನೆರಳಲ್ಲಿ ತೆಗೆಸಿದರೆ ಚೆನ್ನ. ತಾತ ಇದ್ದರೆ ಅವರಿಗೆ ಜೀನ್ಸ್ ಹಾಕಿಸೋ ಸಾಹಸ ಬೇಡಪ್ಪಾ! ಪಂಚೆಗೆ ಇಸ್ತ್ರಿ ಮಾಡಿಕೊಡು, ಹೆಗಲಿಗೆ ಶಲ್ಯ ಕೊಡು, ಸಾಕು.

ಅಮ್ಮನ್ನ ಮರೀಬೇಡ. ಫೋಟೋ ದಿನ ಎಲ್ಲರಿಗೂ ತಿಂಡಿ ಮಾಡಿ, ಮಗುವಿಗೆ ತಲೆ ಬಾಚಿ, ‘ಬಾರಮ್ಮ ಬೇಗ’ ಅಂತ ನೀವು ಕೂಗಿದ ಮೇಲೆ ಕೈಗೆ ಸಿಕ್ಕಿದ ಸೀರೆ ಸುತ್ತಿಕೊಂಡು ಓಡಿ ಬರೋಳು ಅವಳೇ. ಹೀರೋ ಆಗೋ ಆಸೆ ಇದ್ದರೆ ಅವತ್ತು ತಿಂಡಿ ನೀನು ಹೋಟೆಲಿನಿಂದ ಕಟ್ಟಿಸಿಕೊಂಡು ಬಾ. ಅವಳಿಗೆ ನಿರಿಗೆ ಹಿಡಿದು ಉಡೋಕೆ ಅರ್ಧ ಗಂಟೆ ಸಿಗಲಿ.

ಕೊನೆಗೆ, ನೀನು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಹೇಳಿಬಿಡ್ತೀನಿ. ನಮ್ಮ ಮನೆಗಳ ನಡುಮನೆ ಗೋಡೆ ನೋಡಿದ್ದೀಯಲ್ಲ? ಹಾರ ಹಾಕಿದ ಹಿರಿಯರ ಫೋಟೋಗಳಲ್ಲಿ ಎಷ್ಟೋ ಫೋಟೋ ಇಂಥ ಗುಂಪಿನ ಚಿತ್ರದಿಂದ ಕತ್ತರಿಸಿದವು. ಪಕ್ಕದಲ್ಲಿ ಯಾರದೋ ಅರ್ಧ ಭುಜ, ಯಾರದೋ ಶರ್ಟಿನ ತೋಳು ಉಳಿದುಕೊಂಡಿರುತ್ತೆ. ಒಬ್ಬರೇ ಕೂತು ಫೋಟೋ ತೆಗೆಸೋದು ಅವರಿಗೆ ಯಾರೂ ನೆನಪು ಮಾಡಿರಲಿಲ್ಲ, ಅಷ್ಟೇ. ಗುಂಪಿನ ಫೋಟೋ ಮುಗಿದ ಮೇಲೆ ಎಲ್ಲರೂ ಪಕ್ಕಕ್ಕೆ ಸರೀರಿ. ಅಜ್ಜಿ ಒಬ್ಬರನ್ನೇ, ಅವರಿಗೆ ಇಷ್ಟವಾದ ಸೀರೆಯಲ್ಲಿ, ನಗಿಸಿ ಒಂದು ತೆಗೆಸಿ. ಅದು ನೂರು ವರ್ಷ ಬಾಳಲಿ, ಅಜ್ಜಿಯೂ ನೂರು ಬಾಳಲಿ!

ಕಪ್ಪು ಶರ್ಟು ಎಲ್ಲಿಗೂ ಓಡಿಹೋಗಲ್ಲ ತಮ್ಮಾ. ಮುಂದಿನ ಸಿನಿಮಾದ ಫಸ್ಟ್ ಡೇ ಫಸ್ಟ್ ಶೋಗೆ ಹಾಕ್ಕೊಂಡು ಬಾ. ನಾನೂ ಕಪ್ಪಲ್ಲೇ ಬರ್ತೀನಿ, ಬಾಲ್ಕನಿಯಲ್ಲಿ ಸಿಗೋಣ!